ಹಾಜರಿ ಹೇಳುವುದರಿಂದ ಖಜಾಂಚಿ ಸ್ಥಾನದವರೆಗೆ: ಜಿಲ್ಲಾ ನ್ಯಾಯಾಲಯದ ಒಬ್ಬ ವಕೀಲೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಇದು ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ವಕೀಲರ ಸಂಘದಲ್ಲಿ ನಡೆದ ಸಂಗತಿ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರು, ಕಚೇರಿಯ ಹೆಸರು, ಪ್ರಕರಣಗಳ ಸಂಖ್ಯೆ ಮುಂತಾಗಿ ಗುರುತು ಹತ್ತುವ ವಿವರಗಳನ್ನು ಬಿಟ್ಟಿದ್ದೇನೆ, ಒಂದೆರಡು ಕಡೆ ಬದಲಿಸಿದ್ದೇನೆ. ಈ ಬರಹದ ಕೇಂದ್ರದಲ್ಲಿರುವ ವಕೀಲೆಯನ್ನು ‘ಸ’ ಎಂದು ಕರೆದಿದ್ದೇನೆ. ನಾನು ಅದೇ ಸಂಘದ ಹಳೆಯ ಸದಸ್ಯ. ಕಿರಿಯ ವಕೀಲರ ತರಬೇತಿಯ ಹೊಣೆ ಕೆಲವು ಕಾಲ ನನ್ನ ಮೇಲಿತ್ತಾದ್ದರಿಂದ ಇಲ್ಲಿ ಹೇಳಿರುವ ಹೆಚ್ಚಿನದನ್ನು ಹತ್ತಿರದಿಂದ ಕಂಡಿದ್ದೇನೆ.

‘ಸ’ ಅವರು ಕೃಷಿಕ ಕುಟುಂಬದಿಂದ ಬಂದವರು. ಮನೆಯಲ್ಲಾಗಲೀ ನೆಂಟರಿಷ್ಟರಲ್ಲಾಗಲೀ ಕರಿಕೋಟು ತೊಟ್ಟವರು ಯಾರೂ ಇರಲಿಲ್ಲ. 2006ರ ಸುಮಾರಿಗೆ ಸನ್ನದು ಪಡೆದು, ಸಿವಿಲ್ ದಾವೆಗಳಲ್ಲಿ ಹೆಸರು ಮಾಡಿದ್ದ ಹಿರಿಯ ವಕೀಲರೊಬ್ಬರ ಕಚೇರಿಗೆ ಸೇರಿದರು. ಆ ಹಿರಿಯರು ಒಳ್ಳೆಯವರು, ಕಿರಿಯರನ್ನು ಗದರಿಸಿ ಮಾತಾಡಿದವರಲ್ಲ, ಪುಸ್ತಕ ಕೇಳಿದರೆ ಇಲ್ಲವೆಂದವರಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮಹಿಳಾ ವಕೀಲರ ಬೆಳವಣಿಗೆಯ ಮಾತು ಬಂದಾಗ ನಮ್ಮ ಗಮನ ಅಸಭ್ಯ ವರ್ತನೆಯ ಕಡೆಗೆ ಹರಿಯುತ್ತದೆ, ಹರಿಯಬೇಕಾದದ್ದೂ ಸರಿ. ಆದರೆ ಈ ಪ್ರಕರಣದಲ್ಲಿ ಯಾರೂ ಕೆಟ್ಟವರಿರಲಿಲ್ಲ. ಹಾಗಿದ್ದೂ ಹತ್ತು ವರ್ಷ ದುಡಿದ ವಕೀಲೆಯೊಬ್ಬರ ಕೈಯಲ್ಲಿ ತೋರಿಸಿಕೊಳ್ಳಲು ಏನೂ ಉಳಿಯಲಿಲ್ಲ.

ಮಹಿಳೆಯರು ವಕೀಲಿ ವೃತ್ತಿಗೆ ಬರಬಹುದೇ ಎಂಬ ಪ್ರಶ್ನೆಯನ್ನು 1923ರ ಮಹಿಳಾ ವಕೀಲರ ಕಾಯಿದೆಯೇ ಮುಗಿಸಿತ್ತು. ಅದಕ್ಕೆ ಏಳು ವರ್ಷ ಮೊದಲು ಕಲ್ಕತ್ತಾ ಹೈಕೋರ್ಟು ರೆಜಿನಾ ಗುಹಾ ಅವರ ಅರ್ಜಿಯನ್ನು ಹೆಂಗಸೆಂಬ ಕಾರಣಕ್ಕೆ ತಳ್ಳಿಹಾಕಿತ್ತು. ನಮ್ಮ ರಾಜ್ಯದ ಮಟ್ಟಿಗೆ ಬಳ್ಳಾರಿಯಲ್ಲಿ ವಕೀಲಿ ಮಾಡುತ್ತಿದ್ದ ಮಂಜುಳಾ ಚೆಲ್ಲೂರ್ ಅವರು ಕರ್ನಾಟಕ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು, ಮುಂದೆ ಮೂರು ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. ಬೆಂಗಳೂರಿನ ವಕೀಲರ ವೃಂದದಿಂದ ಹೈಕೋರ್ಟಿಗೆ ಹೋದ ಬಿ.ವಿ. ನಾಗರತ್ನ ಅವರು 2021ರಿಂದ ಸುಪ್ರೀಂ ಕೋರ್ಟಿನಲ್ಲಿದ್ದಾರೆ. ಪ್ರತಿ ಮಾರ್ಚ್ 8ರಂದು ನಮ್ಮ ವಕೀಲರ ಭವನದಲ್ಲಿ ಈ ಹೆಸರುಗಳು ತಪ್ಪದೆ ಕೇಳಿಬರುತ್ತವೆ. ಅದೇ ಭವನದಿಂದ ಇಪ್ಪತ್ತು ಹೆಜ್ಜೆ ದೂರದ ಸಿವಿಲ್ ನ್ಯಾಯಾಲಯದಲ್ಲಿ ಯಾವ ಕಿರಿಯರಿಗೆ ಯಾವ ಕೆಲಸ ಸಿಗುತ್ತಿದೆ ಎಂಬುದರ ಬಗ್ಗೆ ಮಾತ್ರ ಯಾರೂ ಮಾತಾಡಿರಲಿಲ್ಲ.

ಸಮಸ್ಯೆ

ಹಿರಿಯರ ಕಚೇರಿಯಲ್ಲಿ ‘ಸ’ ಅವರ ದಿನಚರಿ ಹೀಗಿತ್ತು. ಬೆಳಿಗ್ಗೆ ಬಂದು ಅಂದಿನ ಕಾಸ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ) ನೋಡಿ ಕಡತಗಳನ್ನು ಜೋಡಿಸುವುದು, ನ್ಯಾಯಾಲಯದಲ್ಲಿ ಕೇಸು ಕೂಗಿದಾಗ ಎದ್ದು ಹಾಜರಿ ಹೇಳುವುದು, ಹಿರಿಯರು ಬೇರೆ ಹಾಲ್‌ನಲ್ಲಿದ್ದರೆ ಪಾಸ್ ಓವರ್ (ಅದೇ ದಿನ ಸ್ವಲ್ಪ ಹೊತ್ತಿನ ನಂತರ ಮತ್ತೆ ಕೂಗುವಂತೆ) ಕೇಳುವುದು, ವಾಯಿದೆ ಬರೆದುಕೊಳ್ಳುವುದು, ಸಂಜೆ ವಾದಪತ್ರ ಅಥವಾ ಆಕ್ಷೇಪಣೆಯ ಕರಡು ತಯಾರಿಸುವುದು. ಅವರ ಕರಡುಗಳು ಎಷ್ಟು ಚೆನ್ನಾಗಿದ್ದವೆಂದರೆ ಎದುರು ಪಕ್ಷದ ವಕೀಲರೂ ಹೊಗಳುತ್ತಿದ್ದರು, ಆದರೆ ಆ ಹೊಗಳಿಕೆ ಸಲ್ಲುತ್ತಿದ್ದದ್ದು ಹಿರಿಯರಿಗೆ. ‘ಸ’ ಅವರಿಗಿಂತ ನಾಲ್ಕು ವರ್ಷ ತಡವಾಗಿ ಸೇರಿದ ಯುವಕನೊಬ್ಬನಿಗೆ ಎರಡನೆಯ ವರ್ಷದಲ್ಲೇ ಸಣ್ಣ ಸಾಕ್ಷಿಗಳ ಪಾಟೀಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಕೆಲಸ, ಸಿಕ್ಕಿತು. ಅವನು ಹಿರಿಯರೊಂದಿಗೆ ಕಾರಿನಲ್ಲಿ ತಾಲ್ಲೂಕು ಕೋರ್ಟುಗಳಿಗೆ ಹೋಗುತ್ತಿದ್ದ, ದಾರಿಯುದ್ದಕ್ಕೂ ಕೇಸಿನ ಮಾತು ಆಗುತ್ತಿತ್ತು, ಇಳಿಯುವ ಹೊತ್ತಿಗೆ ‘ಈ ಸಾಕ್ಷಿಯನ್ನು ನೀನೇ ನೋಡು’ ಎಂಬ ಮಾತು ಬರುತ್ತಿತ್ತು.

‘ಸ’ ಅವರು ಒಮ್ಮೆ ನೇರವಾಗಿ ಕೇಳಿದರು. ಹಿರಿಯರು ಕೊಟ್ಟ ಉತ್ತರವನ್ನು ಅವರು ನನಗೆ ಹೇಳಿದ್ದು ಹೀಗೆ: “ನೋಡಮ್ಮ, ಕಕ್ಷಿದಾರ ಫೀಸು ಕೊಟ್ಟಿರೋದು ನನ್ನ ಪಾಟೀಸವಾಲಿಗೆ. ನೀನು ಡ್ರಾಫ್ಟಿಂಗ್ ನೋಡ್ಕೊ, ಅದರಲ್ಲಿ ನಿನ್ನ ಬಿಟ್ಟರೆ ನನಗೆ ಗತಿ ಇಲ್ಲ.” ಈ ಮಾತಿನಲ್ಲಿ ಪ್ರೀತಿ ಇತ್ತು, ಸುಳ್ಳೂ ಇರಲಿಲ್ಲ. ಕೆಲವು ದಿನಗಳ ನಂತರ ಅವರಿಗೊಂದು ಜೀವನಾಂಶದ ಅರ್ಜಿಯನ್ನು ಸ್ವತಂತ್ರವಾಗಿ ನಡೆಸಲು ಕೊಡಲಾಯಿತು, ಆಮೇಲೆ ಇನ್ನೊಂದು, ಮತ್ತೊಂದು. ಹೆಂಗಸರ ಕೇಸು ಹೆಂಗಸಿಗೆ ಎಂಬ ಅಲಿಖಿತ ನಿಯಮ ಹೀಗೆ ತಾನಾಗಿ ಜಾರಿಗೆ ಬಂತು. ಜೀವನಾಂಶದ ಪ್ರಕರಣ ಕೀಳು ಕೆಲಸವೇನಲ್ಲ. ಫೀಸು ಕಡಿಮೆ ಮತ್ತು ಅದರಿಂದ ಹೊರಬರುವ ದಾರಿ ಇನ್ನೂ ಕಡಿಮೆ ಎನ್ನುವುದು ಮಾತ್ರ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತಿರುವ ವಿಷಯ.

ಹೆರಿಗೆಯ ಸಮಯದಲ್ಲಿ ಎರಡನೆಯ ತೊಡಕು ಎದುರಾಯಿತು. ವಕೀಲರು ಯಾರ ನೌಕರರೂ ಅಲ್ಲವಾದ್ದರಿಂದ ಹೆರಿಗೆ ಸೌಲಭ್ಯ ಕಾಯಿದೆ ಅವರಿಗೆ ಅನ್ವಯಿಸುವುದಿಲ್ಲ. ‘ಸ’ ಅವರು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ನ್ಯಾಯಾಲಯದಿಂದ ದೂರ ಉಳಿದರು. ಹಿಂತಿರುಗಿದಾಗ ಹಿರಿಯರು ಸ್ಥಾನವನ್ನು ಹಾಗೆಯೇ ಇಟ್ಟಿದ್ದರು, ಕೆಲಸ ಮಾತ್ರ ಇನ್ನಷ್ಟು ಒಳಗಿನದಾಯಿತು. ಆಗ ಅವರಿಗೆ ಬಂದ ಸಲಹೆ: “ನೋಟರಿ ಮಾಡ್ಕೊಮ್ಮ, ಮನೆ ಮಕ್ಕಳು ನೋಡ್ಕೊಂಡು ಆರಾಮಾಗಿರಬಹುದು.” ನೋಟರಿ ನಿಯಮಗಳಲ್ಲಿ ಸಾಮಾನ್ಯವಾಗಿ ಹತ್ತು ವರ್ಷದ ವೃತ್ತಿ ಬೇಕು, ಮಹಿಳೆಯರಿಗೆ ಏಳು ವರ್ಷ ಸಾಕು. ಈ ರಿಯಾಯಿತಿಯ ಉದ್ದೇಶ ಒಳ್ಳೆಯದೇ. ಆದರೆ ನಾನು ಕಂಡಂತೆ, ನಡೆಯುತ್ತಿರುವ ವಕೀಲಿಗೆ ಜೊತೆಯಾಗಿ ನೋಟರಿ ಕೆಲಸ ತೆಗೆದುಕೊಂಡವರಿಗೆ ಅದು ಆಸರೆಯಾಗುತ್ತದೆ; ವಕೀಲಿಯ ಬದಲಿಗೆ ತೆಗೆದುಕೊಂಡವರು ಕೆಲವೇ ವರ್ಷಗಳಲ್ಲಿ ಕೋರ್ಟಿನ ಆವರಣದ ಮೇಜಿಗೆ ಕಟ್ಟುಬೀಳುತ್ತಾರೆ.

ಸಮಸ್ಯೆಯ ಬೇರು ಸ್ಪಷ್ಟವಾದದ್ದು ಅವರು ಹೆಚ್ಚುವರಿ ಸರ್ಕಾರಿ ವಕೀಲರ ಸ್ಥಾನಕ್ಕೆ ಅರ್ಜಿ ಹಾಕಲು ಹೊರಟಾಗ. ತಾವೇ ನಡೆಸಿದ ಪ್ರಕರಣಗಳ ಪಟ್ಟಿಯನ್ನೂ ತೀರ್ಪಿನ ಪ್ರತಿಗಳನ್ನೂ ಲಗತ್ತಿಸಬೇಕಿತ್ತು. ಸಾಕ್ಷ್ಯದ ಹಾಳೆಗಳಲ್ಲಿ ಪಾಟೀಸವಾಲು ಮಾಡಿದವರ ಹೆಸರು ಹಿರಿಯರದು, ತೀರ್ಪಿನ ಮೊದಲ ಪುಟದಲ್ಲಿ ಇದ್ದದ್ದೂ ಹಿರಿಯರದೇ ಹೆಸರು, ವಕಾಲತ್ತಿನಲ್ಲಿ (ಕಕ್ಷಿದಾರ ವಕೀಲರಿಗೆ ಕೊಡುವ ಅಧಿಕಾರಪತ್ರ) ‘ಸ’ ಅವರ ಸಹಿ ಇದ್ದರೂ ಅದು ಮೂರನೆಯದೋ ನಾಲ್ಕನೆಯದೋ. ಅವರು ಅಂದು ಅರ್ಜಿ ಹಾಕಲೇ ಇಲ್ಲ.

ಮೊದಲ ಪ್ರಯತ್ನಗಳು

ನೋಟರಿಯಾಗುವ ಸಲಹೆಯನ್ನು ಒಪ್ಪದಿದ್ದದ್ದು ಈ ಪ್ರಕರಣದ ಮೊದಲ ತಿರುವು. ಎರಡನೆಯದು 2016ರಲ್ಲಿ, ಇನ್ನಿಬ್ಬರು ವಕೀಲೆಯರ ಜೊತೆ ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿದು ಸ್ವಂತ ಕಚೇರಿ ತೆರೆದದ್ದು. ಮೂವರಿಗೂ ಸೇರಿ ಒಬ್ಬ ಗುಮಾಸ್ತ. ಮೊದಲ ವರ್ಷ ಬಾಡಿಗೆ ಹೊಂದಿಸುವುದೇ ಕಷ್ಟವಾಯಿತು. ನಮ್ಮ ಕಡೆ ಸಿವಿಲ್ ಕೇಸುಗಳು ಬರುವುದು ಪತ್ರ ಬರಹಗಾರರು, ಹಳ್ಳಿಯ ಮುಖಂಡರು, ಹಳೆಯ ಗುಮಾಸ್ತರು ಇವರ ಮೂಲಕ. ಈ ಪರಿಚಯಗಳು ಬೆಳೆಯುವುದು ಸಂಜೆ ಕೋರ್ಟಿನ ಎದುರಿನ ಹೋಟೆಲಿನ ಟೇಬಲ್ಲುಗಳಲ್ಲಿ. ಆ ಹೊತ್ತಿಗೆ ಮೂವರೂ ಬಸ್ ನಿಲ್ದಾಣದಲ್ಲಿರುತ್ತಿದ್ದರು. ಗುಮಾಸ್ತರ ಆಯ್ಕೆ ಮಾತ್ರ ಕೈಹಿಡಿಯಿತು. ಹಳೆಯ ಕಚೇರಿಯೊಂದು ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡಿದ್ದ, ಶಿರಸ್ತೇದಾರರಿಂದ ಹಿಡಿದು ಸರ್ವೆ ಇಲಾಖೆಯವರೆಗೆ ಎಲ್ಲರ ಪರಿಚಯವಿದ್ದ ಹಿರಿಯ ಗುಮಾಸ್ತರವರು. “ಮೇಡಂ, ಕಾಪಿ ಅಪ್ಲಿಕೇಶನ್ ನಾನು ನೋಡ್ಕೊಳ್ತೀನಿ, ನೀವು ಸಾಕ್ಷಿ ನೋಡಿ” ಎಂದು ಅವರು ಮೊದಲ ವಾರವೇ ಹೇಳಿದ್ದರಂತೆ.

ಇದೇ ಸಮಯದಲ್ಲಿ ನಾನು ಸೂಚಿಸಿದ್ದು ಒಂದೇ ಒಂದು ವಿಷಯ: ಒಂದು ವಹಿ ಇಡಿ. ಪ್ರಕರಣದ ಸಂಖ್ಯೆ, ಯಾವ ನ್ಯಾಯಾಲಯ, ಮುಖ್ಯ ವಿಚಾರಣೆ (ತಮ್ಮ ಕಡೆಯ ಸಾಕ್ಷಿಯನ್ನು ಮೊದಲು ಪ್ರಶ್ನಿಸುವುದು) ಮಾಡಿದ್ದು ಯಾರು, ಪಾಟೀಸವಾಲು ಯಾರದು, ವಾದ ಮಂಡಿಸಿದ್ದು ಯಾರು, ತೀರ್ಪಿನ ದಿನಾಂಕ, ಮೇಲ್ಮನವಿಯಾಗಿದ್ದರೆ ಅದರ ಗತಿ. ಈ ವಹಿ ಮುಂದೆ ಎಲ್ಲ ಅರ್ಜಿಗಳಿಗೂ ಆಧಾರವಾಯಿತು. 2025ರ ಮೇ 20ರಂದು ಸುಪ್ರೀಂ ಕೋರ್ಟು ಸಿವಿಲ್ ನ್ಯಾಯಾಧೀಶರ ಪ್ರವೇಶ ಹುದ್ದೆಗೆ ಮೂರು ವರ್ಷದ ವಕೀಲಿಯನ್ನು ಮತ್ತೆ ಕಡ್ಡಾಯಗೊಳಿಸಿದ ಮೇಲೆ ಇಂಥ ದಾಖಲೆಯ ಬೆಲೆ ಇನ್ನೂ ಹೆಚ್ಚಿದೆ. ಅನುಭವದ ಪ್ರಮಾಣಪತ್ರ ನ್ಯಾಯಾಲಯದ ಪ್ರಧಾನ ನ್ಯಾಯಾಧಿಕಾರಿಯಿಂದ ಬರಬೇಕು, ಇಲ್ಲವೇ ಹತ್ತು ವರ್ಷ ಅನುಭವವುಳ್ಳ ವಕೀಲರಿಂದ ಬಂದು ಆ ಅಧಿಕಾರಿಯ ಮೇಲುಸಹಿ ಪಡೆಯಬೇಕು. ಕಿರಿಯ ವಕೀಲೆ ನಿಜವಾಗಿ ಏನು ಕೆಲಸ ಮಾಡಿದ್ದಾಳೆಂಬುದು ಬರೀ ಹಿರಿಯರ ನೆನಪಿನಲ್ಲಿದ್ದರೆ ಸಾಲದು.

ಕಮಿಷನರ್ ಕೆಲಸ

ಈ ಅಧ್ಯಯನದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಇಲ್ಲಿ. ಏಕೆಂದರೆ ವೃತ್ತಿಪರ ಬೆಳವಣಿಗೆ ಎಂದೊಡನೆ ವಿಚಾರ ಸಂಕಿರಣ, ಪ್ರಮಾಣಪತ್ರ ಎಂದು ಯೋಚಿಸುವ ನಾವು ನ್ಯಾಯಾಲಯವೇ ಹಂಚುವ ಕೆಲಸವನ್ನು ಮರೆತಿರುತ್ತೇವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ ಅಡಿಯಲ್ಲಿ ಸ್ಥಳ ತನಿಖೆಗೆ, ಲೆಕ್ಕ ಪರಿಶೀಲನೆಗೆ, ಸ್ಥಿರಾಸ್ತಿಯ ವಿಭಜನೆಗೆ ನ್ಯಾಯಾಲಯ ಕಮಿಷನರನ್ನು, ಅಂದರೆ ತನ್ನ ಪರವಾಗಿ ಆ ಕೆಲಸ ಮಾಡಿ ವರದಿ ಕೊಡುವವರನ್ನು, ನೇಮಿಸುತ್ತದೆ. 18ನೇ ಆದೇಶದ 4ನೇ ನಿಯಮದ ಪ್ರಕಾರ ಸಾಕ್ಷ್ಯ ದಾಖಲಿಸುವುದಕ್ಕೂ ನೇಮಿಸಬಹುದು. ಸಂಭಾವನೆ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ವರದಿಯ ಕೆಳಗೆ ವಕೀಲರ ಹೆಸರು ಇರುತ್ತದೆ, ನ್ಯಾಯಾಧೀಶರು ಅದನ್ನು ಓದುತ್ತಾರೆ, ಎರಡೂ ಕಡೆಯ ವಕೀಲರು ಅದರ ಮೇಲೆ ವಾದಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಬಹುತೇಕ ಗಂಡಸರಿಗೇ ಹೋಗುತ್ತಿತ್ತು. ಕಾರಣ ಕೇಳಿದರೆ ಸಿದ್ಧ ಉತ್ತರ: ಹೊಲಕ್ಕೆ ಹೋಗಬೇಕು, ಜಗಳ ಇರುತ್ತದೆ, ಹೆಣ್ಣುಮಕ್ಕಳಿಗೆ ಯಾಕೆ ತೊಂದರೆ.

2018ರಲ್ಲಿ ಹತ್ತಾರು ವಕೀಲೆಯರು ಸಹಿ ಮಾಡಿ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಒಂದು ಮನವಿ ಕೊಟ್ಟರು. ಮನವಿಯ ಕರಡು ‘ಸ’ ಅವರದು. ಅದರಲ್ಲಿ ದೂರು ಇರಲಿಲ್ಲ, ಮೀಸಲಾತಿಯ ಬೇಡಿಕೆಯೂ ಇರಲಿಲ್ಲ. ಕಮಿಷನರ್ ಕೆಲಸಕ್ಕೆ ಸಿದ್ಧರಿರುವ ವಕೀಲರ ಪಟ್ಟಿಯನ್ನು ಹಿರಿತನ ಮತ್ತು ವಿಷಯದ ಅನುಭವದ ಮೇಲೆ ತಯಾರಿಸಿ ಸರದಿಯಂತೆ ನೇಮಿಸುವುದಾದರೆ ನಮ್ಮ ಹೆಸರುಗಳನ್ನೂ ಸೇರಿಸಿಕೊಳ್ಳಬೇಕು ಎಂದಷ್ಟೇ ಇತ್ತು. ಒಬ್ಬಿಬ್ಬರು ಇನ್ನೂ ಖಾರವಾಗಿ ಬರೆಯಬೇಕಿತ್ತು ಎಂದರು. ಖಾರವಾಗಿ ಬರೆದಿದ್ದರೆ ಅದು ಕಡತಕ್ಕೆ ಸೇರುತ್ತಿತ್ತು. ಸರದಿ ಎಂದದ್ದರಿಂದ ಕೆಲಸ ಸಿಗದೆ ಕುಳಿತಿದ್ದ ಕಿರಿಯ ಗಂಡಸರೂ ಬೆಂಬಲಕ್ಕೆ ಬಂದರು. ಅಧಿಕೃತ ಉತ್ತರವೇನೂ ಬರಲಿಲ್ಲ. ಆದರೆ ಕೆಲವು ತಿಂಗಳಲ್ಲಿ ಒಬ್ಬ ಸಿವಿಲ್ ನ್ಯಾಯಾಧೀಶರು ಗಡಿ ವಿವಾದದ ಒಂದು ದಾವೆಯಲ್ಲಿ ‘ಸ’ ಅವರನ್ನು ಕಮಿಷನರಾಗಿ ನೇಮಿಸಿದರು.

ಅದು ಅಕ್ಕಪಕ್ಕದ ಎರಡು ಸರ್ವೆ ನಂಬರುಗಳ ನಡುವಿನ ಬದುವಿನ ಜಗಳ. ಬದುವಿನ ಮೇಲೆ ಬೇವಿನ ಮರಗಳಿದ್ದವು, ಒಂದು ಬೋರ್‌ವೆಲ್ ಗಡಿಗೆ ತಾಗಿಕೊಂಡೇ ಇತ್ತು. ಎರಡೂ ಕಡೆಯವರು ಸೂಚನಾ ಮೆಮೊ (ಕಮಿಷನರ್ ಉತ್ತರಿಸಬೇಕಾದ ಪ್ರಶ್ನೆಗಳ ಪಟ್ಟಿ) ಸಲ್ಲಿಸಿದ್ದರು. ‘ಸ’ ಅವರು ಮೊದಲು ಸರ್ವೆ ಕಚೇರಿಯಿಂದ ಜಮೀನಿನ ಅಳತೆಯ ಹಳೆಯ ದಾಖಲೆಗಳಾದ ಟಿಪ್ಪಣಿ, ಆಕಾರ್‌ಬಂದ್ ಮತ್ತು ಗ್ರಾಮ ನಕ್ಷೆಯ ಪ್ರತಿ ತರಿಸಿಕೊಂಡರು. ಎರಡೂ ಪಕ್ಷದ ವಕೀಲರಿಗೆ ಲಿಖಿತ ನೋಟಿಸು ಕೊಟ್ಟು ಸ್ವೀಕೃತಿ ಪಡೆದರು. ಸ್ಥಳಕ್ಕೆ ಹೋದ ದಿನ ಒಂದು ಬಾಂದುಕಲ್ಲು (ಗಡಿ ಗುರುತಿನ ಕಲ್ಲು) ಇರಬೇಕಾದ ಜಾಗದಲ್ಲಿ ಇರಲಿಲ್ಲ; ಸ್ವಲ್ಪ ದೂರದಲ್ಲಿ ಹೊಸ ಮಣ್ಣು ಮುಚ್ಚಿದ್ದ ಕಲ್ಲೊಂದು ಕಂಡಿತು. ಪ್ರತಿವಾದಿಯ ಕಡೆಯವರು ಅದನ್ನೇ ಮೂಲ ಕಲ್ಲೆಂದು ಬರೆದುಕೊಳ್ಳಬೇಕೆಂದು ಗದ್ದಲ ಮಾಡಿದರು. ‘ಸ’ ಅವರು ಆ ಕಲ್ಲು ಮೂಲದ್ದೋ ಅಲ್ಲವೋ ಎಂದು ತೀರ್ಮಾನಿಸಲಿಲ್ಲ. ಕಂಡದ್ದನ್ನು ಕಂಡಂತೆ, ಅಳತೆಯೊಂದಿಗೆ, ಸರ್ವೆಯರು ಸರಪಳಿ ಹಿಡಿದ ಸ್ಥಿರ ಬಿಂದು ಯಾವುದೆಂಬುದನ್ನೂ ಸೇರಿಸಿ ಬರೆದರು. ಎರಡೂ ಮೆಮೊಗಳ ಪ್ರತಿಯೊಂದು ಪ್ರಶ್ನೆಗೂ ಬೇರೆಬೇರೆಯಾಗಿ ಉತ್ತರ ಕೊಟ್ಟರು, ಉತ್ತರಿಸಲಾಗದ ಪ್ರಶ್ನೆಯ ಎದುರು ಯಾಕೆ ಆಗದೆಂದು ಕಾರಣ ಬರೆದರು, ಸ್ಥಳದಲ್ಲೇ ಮಹಜರು ಓದಿ ಹೇಳಿ ಎರಡೂ ಕಡೆಯವರ ಸಹಿ ಪಡೆದರು.

ಪ್ರತಿವಾದಿ ವರದಿಗೆ ಆಕ್ಷೇಪಣೆ ಸಲ್ಲಿಸಿ ಕಮಿಷನರನ್ನೇ ಸಾಕ್ಷಿಕಟ್ಟೆಗೆ ಕರೆಸಿದ. ಪಾಟೀಸವಾಲು ಮಾಡಲು ನಿಂತವರು, ವಿಧಿಯಾಟವೆನ್ನಿ, ‘ಸ’ ಅವರ ಹಳೆಯ ಹಿರಿಯರೇ. ಅರ್ಧ ದಿನ ನಡೆದ ಆ ವಿಚಾರಣೆಯಲ್ಲಿ ವರದಿಯ ಒಂದು ಸಾಲೂ ಅಲುಗಲಿಲ್ಲ. ಹೊರಗೆ ಬಂದ ಹಿರಿಯರು ಕಾರಿಡಾರಿನಲ್ಲಿ ಎಲ್ಲರಿಗೂ ಕೇಳುವಂತೆ, “ನನ್ನ ಆಫೀಸಲ್ಲೇ ಕಲಿತದ್ದು” ಎಂದರು. ಅದು ಹೆಮ್ಮೆಯೂ ಹೌದು, ಹಕ್ಕುಸಾಧನೆಯೂ ಹೌದು. ಆದರೆ ಅಂದಿನಿಂದ ಇತರ ನ್ಯಾಯಾಲಯಗಳೂ ‘ಸ’ ಅವರನ್ನು ನೇಮಿಸತೊಡಗಿದವು, ಮನವಿಗೆ ಸಹಿ ಹಾಕಿದ್ದ ಇನ್ನಿತರರಿಗೂ ದಾರಿ ತೆರೆಯಿತು.

ಕೈಗೂಡದ ಉಪನ್ಯಾಸ, ಕೈಗೂಡಿದ ಅಭ್ಯಾಸ

ಈ ಉತ್ಸಾಹದಲ್ಲಿ ಕಿರಿಯ ವಕೀಲೆಯರಿಗಾಗಿ ಸಂಜೆ ಐದೂವರೆಗೆ ಉಪನ್ಯಾಸ ಮಾಲೆ ಆರಂಭಿಸಲಾಯಿತು. ಮೊದಲ ದಿನ ಸಭಾಂಗಣ ತುಂಬಿತ್ತು, ನಾಲ್ಕನೆಯ ವಾರಕ್ಕೆ ಭಾಷಣಕಾರರನ್ನು ಬಿಟ್ಟರೆ ಸಂಘಟಕರು ಮಾತ್ರ. ಹೊರ ತಾಲ್ಲೂಕುಗಳಿಂದ ಬರುವವರಿಗೆ ಕೊನೆಯ ಅನುಕೂಲದ ಬಸ್ಸು ಆರು ಗಂಟೆಯದು. ಮೇಲಾಗಿ, ನಿವೃತ್ತರು ಬಂದು ವೃತ್ತಿಧರ್ಮದ ಬಗ್ಗೆ ಮಾತಾಡಿದರೆ ಪಾಟೀಸವಾಲು ಬರುವುದಿಲ್ಲ.

ಕಾರ್ಯಕ್ರಮವನ್ನು ಮಧ್ಯಾಹ್ನದ ಊಟದ ಬಿಡುವಿಗೆ ಬದಲಿಸಿ, ಸ್ವರೂಪವನ್ನೂ ಬದಲಿಸಿದರು. ವಿಲೇವಾರಿಯಾದ ಪ್ರಕರಣಗಳ ಸಾಕ್ಷ್ಯದ ಹಾಳೆಗಳ ದೃಢೀಕೃತ ಪ್ರತಿ ಪಡೆದು, ಹೆಸರು ಊರುಗಳನ್ನು ಅಳಿಸಿ, ಮುಖ್ಯ ವಿಚಾರಣೆಯ ಅಫಿಡವಿಟ್ಟನ್ನಷ್ಟೇ ಮೊದಲು ಹಂಚುವುದು. ಒಬ್ಬರು ಸಾಕ್ಷಿಯಾಗುವುದು, ಒಬ್ಬರು ಪ್ರಶ್ನಿಸುವುದು. ಕೊನೆಗೆ ನಿಜವಾಗಿ ನಡೆದ ಪಾಟೀಸವಾಲನ್ನು ಓದುವುದು. ಡಬ್ಬಿ ಬಿಚ್ಚಿ ಊಟ ಮಾಡುತ್ತಲೇ ಇದು ನಡೆಯುತ್ತಿತ್ತು. ಇಲ್ಲಿ ‘ಸ’ ಅವರ ಒಂದು ನಿರ್ಧಾರ ಗಮನಾರ್ಹ: ಕಿರಿಯ ಗಂಡಸರಿಗೂ ಬಾಗಿಲು ತೆರೆದಿಟ್ಟರು, ಪ್ರಶ್ನಿಸುವ ಸರದಿಯ ಪಟ್ಟಿಯನ್ನು ಮಾತ್ರ ತಮ್ಮ ಕೈಯಲ್ಲಿಟ್ಟುಕೊಂಡರು.

2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರದಿದ್ದರೂ ಮಗಳು ಜನ್ಮದಿಂದಲೇ ಸಹದಾಯಾದಿ, ಅಂದರೆ ಪಿತ್ರಾರ್ಜಿತ ಆಸ್ತಿಯ ಹುಟ್ಟು ಪಾಲುದಾರಳು, ಎಂದು ಹೇಳಿತು. ಜಿಲ್ಲೆಯ ಪಾಲು ದಾವೆಗಳೆಲ್ಲ ಒಮ್ಮೆಲೇ ಅಲುಗಾಡಿದವು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2004ರ ಡಿಸೆಂಬರ್ 20ಕ್ಕೆ ಮುಂಚಿನ ನೋಂದಾಯಿತ ವಿಭಾಗಕ್ಕೆ ರಕ್ಷಣೆ ಇತ್ತು. ಬಾಯಿಮಾತಿನ ವಿಭಾಗದ ವಾದವನ್ನು ಸುಲಭವಾಗಿ ಒಪ್ಪಬಾರದೆಂದು ಹೊಸ ತೀರ್ಪು ಹೇಳಿತು. ಈ ದಿನಾಂಕಗಳ ಜಾಲವನ್ನು ಹಿಡಿದು, ಯಾವ ದಾವೆಯಲ್ಲಿ ಯಾವ ಪ್ರಶ್ನೆ ಮೊದಲು ಕೇಳಬೇಕೆಂಬ ಒಂದು ಪುಟದ ಟಿಪ್ಪಣಿಯನ್ನು ‘ಸ’ ಅವರು ಕನ್ನಡದಲ್ಲಿ ತಯಾರಿಸಿ ಎಲ್ಲರಿಗೂ ಕೊಟ್ಟರು. ತಮ್ಮ ಬಳಿಯೇ ಇಟ್ಟುಕೊಂಡು ಲಾಭ ಪಡೆಯಬಹುದಿತ್ತು ಎಂದವರಿದ್ದರು. ಕೊಟ್ಟದ್ದರಿಂದ ಆದದ್ದೇನೆಂದರೆ, ತಮಗಿಂತ ಹಿರಿಯರು ಕೂಡ ಕಡತ ಹಿಡಿದು ಅವರ ಕೋಣೆಗೆ ಬರತೊಡಗಿದರು, ಕೆಲವರು ವಾದಕ್ಕೂ ಜೊತೆಗೆ ಕರೆದರು. ಹೆಂಗಸರ ಕೇಸಿನ ವಕೀಲೆ ಎಂಬ ಹಣೆಪಟ್ಟಿ ಕಳಚಿ, ಪಾಲು ದಾವೆಯ ವಕೀಲೆ ಎಂಬ ಹೆಸರು ಬಂತು. ಮಧ್ಯಸ್ಥಿಕೆಯ ನಲವತ್ತು ಗಂಟೆಗಳ ತರಬೇತಿಗೆ ಅವರ ಹೆಸರು ಹೋದದ್ದೂ ಇದೇ ಸಮಯದಲ್ಲಿ. ಒಡಹುಟ್ಟಿದವರ ಪಾಲಿನ ಜಗಳಗಳು ಅವರ ಮುಂದೆ ರಾಜಿಯಾದದ್ದು ಹೆಸರನ್ನು ಗಟ್ಟಿ ಮಾಡಿತು.

ಚುನಾವಣೆ

2024ರ ಮೇ 2ರಂದು ಸುಪ್ರೀಂ ಕೋರ್ಟು ತನ್ನದೇ ವಕೀಲರ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಮೂರನೇ ಒಂದು ಸ್ಥಾನ ಮಹಿಳೆಯರಿಗೆ ಮೀಸಲಿಡಬೇಕೆಂದಿತು. 2025ರ ಜನವರಿಯಲ್ಲಿ ಬೆಂಗಳೂರು ವಕೀಲರ ಸಂಘದ ಖಜಾಂಚಿ ಸ್ಥಾನವನ್ನು ಮಹಿಳೆಯರಿಗೆ ಕಾದಿರಿಸಿತು, ಮಾರ್ಚ್‌ನಲ್ಲಿ ಕರ್ನಾಟಕದ ಜಿಲ್ಲಾ ಸಂಘಗಳಿಗೂ ಖಜಾಂಚಿ ಸ್ಥಾನದ ಜೊತೆಗೆ ಕಾರ್ಯಕಾರಿ ಸಮಿತಿಯಲ್ಲಿ ಶೇ 30ರ ಮೀಸಲನ್ನು ವಿಸ್ತರಿಸಿತು. ಅಲ್ಲಿಯವರೆಗೆ ನಮ್ಮ ಸಂಘದಲ್ಲಿ ಮಹಿಳೆಯರಿಗೆ ಸಿಗುತ್ತಿದ್ದದ್ದು ಮಹಿಳಾ ಪ್ರತಿನಿಧಿ ಎಂಬ ಒಂದು ಸ್ಥಾನ. ಆ ಪ್ರತಿನಿಧಿಯ ಕೆಲಸ ಸ್ವಾಗತ ಭಾಷಣ, ಹೂಗುಚ್ಛ, ರಂಗೋಲಿ ಸ್ಪರ್ಧೆ. ‘ಸ’ ಅವರು ಹಿಂದೆ ಎರಡು ಸಲ ಅದನ್ನು ನಯವಾಗಿ ನಿರಾಕರಿಸಿದ್ದರು.

ಆದೇಶ ಬಂದ ಕೂಡಲೇ ಸಂಘದ ಎರಡೂ ಗುಂಪುಗಳ ಮುಖಂಡರು ಕುಳಿತು ಒಂದು ಒಪ್ಪಂದಕ್ಕೆ ಬಂದರು: ಖಜಾಂಚಿ ಸ್ಥಾನಕ್ಕೆ ಎಲ್ಲರಿಗೂ ಹಿತವಾದ ಒಬ್ಬ ವಕೀಲೆಯನ್ನು ಅವಿರೋಧವಾಗಿ ಆರಿಸುವುದು, ‘ಸ’ ಅವರಿಗೆ ಸಮಿತಿಯಲ್ಲಿ ಸದಸ್ಯ ಸ್ಥಾನ ಕೊಡುವುದು. ಹಿತವಾದವರು ಎಂದರೆ ಚೆಕ್ಕಿಗೆ ಸಹಿ ಹಾಕುವವರು, ಲೆಕ್ಕ ಕೇಳದವರು. ಈ ಪ್ರಸ್ತಾಪವನ್ನು ಒಪ್ಪಬೇಕೆ ಎಂಬುದು ಇಡೀ ಪ್ರಕರಣದ ಕಷ್ಟದ ಘಟ್ಟ. ಒಪ್ಪಿದರೆ ಸ್ಥಾನ ಖಚಿತ, ವೈರ ಇಲ್ಲ. ಸ್ಪರ್ಧಿಸಿದರೆ ಮತ್ತೊಬ್ಬ ವಕೀಲೆಯ ವಿರುದ್ಧವೇ ನಿಲ್ಲಬೇಕು, ‘ಹೆಂಗಸರೇ ಹೆಂಗಸರಿಗೆ ಶತ್ರು’ ಎಂಬ ಹಳಸಲು ಮಾತಿಗೆ ಆಹಾರವಾಗಬೇಕು. ಕೋಣೆಯ ಸಹೋದ್ಯೋಗಿಗಳಲ್ಲೇ ಒಬ್ಬರು ಬೇಡವೆಂದರು. ಕೊನೆಗೆ ‘ಸ’ ಅವರು ಎದುರಾಳಿಯ ಮನೆಗೇ ಹೋಗಿ ಮಾತಾಡಿದರು: “ಅಕ್ಕಾ, ನಾನು ನಿಮ್ಮ ಮೇಲೆ ನಿಲ್ತಿಲ್ಲ, ಅವಿರೋಧ ಅನ್ನೋದರ ಮೇಲೆ ನಿಲ್ತಿದ್ದೀನಿ. ಮಹಿಳೆಯರ ಸ್ಥಾನಕ್ಕೂ ಓಟು ಆಗ್ಲಿ.” ಆ ಹಿರಿಯ ವಕೀಲೆ ಹಿಂದೆ ಸರಿಯಲಿಲ್ಲ, ಸರಿಯಬೇಕೆಂದು ಇವರೂ ಕೇಳಿರಲಿಲ್ಲ. ಇಬ್ಬರೂ ಒಂದೇ ದಿನ ನಾಮಪತ್ರ ಸಲ್ಲಿಸಿದರು.

ಸ್ಥಾನ ಮಹಿಳೆಯರದಾದರೂ ಮತದಾರರಲ್ಲಿ ಹೆಚ್ಚಿನವರು ಗಂಡಸರು. ಪಾರ್ಟಿ, ಪ್ರವಾಸ ಯಾವುದೂ ಇಲ್ಲದ ಪ್ರಚಾರ ಅದು. ಪಾಲು ದಾವೆಯ ಟಿಪ್ಪಣಿ ಪಡೆದವರು, ಊಟದ ಬಿಡುವಿನಲ್ಲಿ ಪಾಟೀಸವಾಲು ಕಲಿತ ಕಿರಿಯರು, ಕಮಿಷನರ್ ಸರದಿಯಿಂದ ಕೆಲಸ ಸಿಕ್ಕವರು ಓಟು ಹಾಕಿದರು. ಸಣ್ಣ ಅಂತರದ ಗೆಲುವು. ಅವರ ಹಳೆಯ ಹಿರಿಯರು ಯಾರಿಗೆ ಓಟು ಹಾಕಿದರೆಂಬುದು ಈಗಲೂ ಭವನದಲ್ಲಿ ಚರ್ಚೆಯ ವಿಷಯ.

ಖಜಾಂಚಿಯ ವಹಿ

ಅಧಿಕಾರಕ್ಕೆ ಬಂದ ಮೊದಲ ತಿಂಗಳಲ್ಲಿ ವಾರ್ಷಿಕ ಚಂದಾ ಬಾಕಿಯ ವಹಿಯನ್ನು ಅವರು ಹೆಸರು ಹೆಸರಾಗಿ ಓದಿದರು. ಬಾಕಿ ಉಳಿಸಿಕೊಂಡವರಿಗೆ ಮತದಾನದ ಹಕ್ಕಿಲ್ಲ ಎಂಬುದು ಸಂಘದ ಬೈಲಾ. ಮತದಾರರ ಪಟ್ಟಿಯಿಂದ ಕೈಬಿಟ್ಟುಹೋದ ಮಹಿಳೆಯರಲ್ಲಿ ಹೆಚ್ಚಿನವರ ಬಾಕಿ ಶುರುವಾದದ್ದು ಹೆರಿಗೆಯ ವರ್ಷದಲ್ಲಿ ಅಥವಾ ಅತ್ತೆ ಮಾವಂದಿರ ಕಾಯಿಲೆಯ ವರ್ಷದಲ್ಲಿ; ದಂಡ ಸೇರಿ ಮೊತ್ತ ಬೆಳೆದ ಮೇಲೆ ಅವರು ಸಂಘದ ಕಡೆ ಬರುವುದನ್ನೇ ಬಿಟ್ಟಿದ್ದರು. ಸಂಘದಲ್ಲಿ ಹೆಂಗಸರಿಗೆ ಆಸಕ್ತಿಯಿಲ್ಲ ಎಂದು ನಾವೆಲ್ಲ ಹೇಳಿಕೊಂಡು ಬಂದದ್ದಕ್ಕೆ ಒಂದು ಸರಳ ಕಾರಣ ಆ ಕಾಲಂನಲ್ಲಿತ್ತು. ಅದನ್ನು ಯಾವ ಸಮೀಕ್ಷೆಯೂ ಕಂಡುಹಿಡಿಯುತ್ತಿರಲಿಲ್ಲ, ಖಜಾಂಚಿಯೇ ಕಾಣಬೇಕಿತ್ತು.

ಹೆರಿಗೆಯ ವರ್ಷದ ಚಂದಾಕ್ಕೆ ದಂಡ ಬೇಡ, ಕಂತಿನಲ್ಲಿ ಕಟ್ಟಲಿ, ಮತದಾನದ ಹಕ್ಕು ಉಳಿಯಲಿ ಎಂಬ ನಿರ್ಣಯವನ್ನು ಸರ್ವಸದಸ್ಯರ ಸಭೆಯ ಮುಂದಿಟ್ಟಾಗ ವಿರೋಧ ಬಂತು. “ಸಂಘ ಅಂದಮೇಲೆ ಎಲ್ಲರಿಗೂ ಒಂದೇ ನಿಯಮ” ಎಂದು ಒಬ್ಬರು ಮೇಜು ಕುಟ್ಟಿದರು. ಸಭೆ ಮುಂದಕ್ಕೆ ಹೋಯಿತು. ಮುಂದಿನ ಸಭೆಗೆ ‘ಸ’ ಅವರು ನಿರ್ಣಯವನ್ನು ತಿದ್ದಿ ತಂದರು: ಹೆರಿಗೆ, ದೀರ್ಘ ಕಾಯಿಲೆ, ಮನೆಯವರ ಆರೈಕೆ ಈ ಮೂರು ಕಾರಣಗಳಿಗೆ ಯಾವುದೇ ಸದಸ್ಯರಿಗೆ ಒಂದು ವರ್ಷದ ವಿನಾಯಿತಿ. ಡಯಾಲಿಸಿಸ್‌ನಲ್ಲಿದ್ದ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, ಕಳೆದ ವರ್ಷ ತಮ್ಮ ಓಟೂ ಹೀಗೆಯೇ ಹೋಗಿತ್ತೆಂದರು. ಆಮೇಲೆ ಯಾರೂ ಮೇಜು ಕುಟ್ಟಲಿಲ್ಲ. ಇದನ್ನು ರಾಜಿ ಎಂದು ಟೀಕಿಸುವವರಿದ್ದಾರೆ. ಹೆರಿಗೆಯನ್ನು ಕಾಯಿಲೆಯ ಸಾಲಿನಲ್ಲಿ ಕೂರಿಸಿದ್ದು ಸರಿಯಲ್ಲ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ನಿರ್ಣಯ ಪಾಸಾಯಿತು, ಕೈಬಿಟ್ಟಿದ್ದ ಹೆಸರುಗಳಲ್ಲಿ ಗಣನೀಯ ಭಾಗ ಪಟ್ಟಿಗೆ ಮರಳಿತು.

ಫಲಿತಾಂಶ ಮತ್ತು ಇತರರಿಗೆ ಉಪಯೋಗವಾಗುವ ಅಂಶಗಳು

ಎಲ್ಲವೂ ಕೈಗೂಡಲಿಲ್ಲ. ಹೆಚ್ಚುವರಿ ಸರ್ಕಾರಿ ವಕೀಲರ ಸ್ಥಾನಕ್ಕೆ ಈ ಸಲ ಅವರು ತುಂಬಿದ ವಹಿಯೊಂದಿಗೆ ಅರ್ಜಿ ಹಾಕಿದರು, ಆಯ್ಕೆಯಾಗಲಿಲ್ಲ. ಆ ನೇಮಕಗಳು ಬರೀ ಅರ್ಹತೆಯಿಂದ ನಡೆಯುವುದಿಲ್ಲವೆಂಬುದು ಗುಟ್ಟೇನಲ್ಲ. ಕೋಣೆಯ ಮೂವರಲ್ಲಿ ಒಬ್ಬರು ವೃತ್ತಿ ಬಿಟ್ಟು ಬೇರೆ ಉದ್ಯೋಗಕ್ಕೆ ಹೋದರು. ಊಟದ ಬಿಡುವಿನ ಅಭ್ಯಾಸದಲ್ಲಿ ಪಳಗಿದ ಕಿರಿಯರಿಬ್ಬರು ನ್ಯಾಯಾಧೀಶರ ಪರೀಕ್ಷೆಗೆ ಓದುತ್ತಿದ್ದಾರೆ. ಅದು ಸಂತೋಷದ ವಿಷಯವೇ, ಆದರೆ ಒಳ್ಳೆಯ ವಕೀಲೆಯರೆಲ್ಲ ಬೆಂಚಿನ ಕಡೆ ನೋಡುವುದಕ್ಕೆ ವಕೀಲಿಯಲ್ಲೇ ಉಳಿಯುವ ದಾರಿ ಕಿರಿದಾಗಿರುವುದೂ ಒಂದು ಕಾರಣ ಎಂಬುದನ್ನು ಹಿರಿಯರಾದ ನಾವು ಗಮನಿಸಬೇಕು.

ಬೇರೆ ಜಿಲ್ಲೆಗಳಲ್ಲಿ ಇಂಥ ಪ್ರಯತ್ನಕ್ಕೆ ಕೈಹಾಕುವವರು ನನ್ನನ್ನು ಕೇಳಿದರೆ ಮೀಸಲು ಸ್ಥಾನದಿಂದ ಶುರು ಮಾಡಬೇಡಿ ಎನ್ನುತ್ತೇನೆ. ‘ಸ’ ಅವರಿಗೆ ಮೀಸಲು ಇಲ್ಲದಿದ್ದರೆ ಖಜಾಂಚಿ ಸ್ಥಾನ ಸಿಗುತ್ತಿರಲಿಲ್ಲ, ಇದರಲ್ಲಿ ಅನುಮಾನವೇ ಇಲ್ಲ. ಆದರೆ ಮೀಸಲು ಬಂದ ದಿನ ಅದನ್ನು ಹಿಡಿಯಲು ಕೈ ಸಿದ್ಧವಾಗಿದ್ದದ್ದು ಏಳೆಂಟು ವರ್ಷಗಳ ಹಿಂದಿನ ಒಂದು ಮನವಿಯಿಂದ, ಒಂದು ಬದುವಿನ ವರದಿಯಿಂದ. ಹಿರಿಯ ವಕೀಲರು ಮಾಡಬಹುದಾದ ಕೆಲಸವೂ ದೊಡ್ಡದಲ್ಲ: ಕಚೇರಿಯ ಪ್ರತಿ ಕಿರಿಯರಿಗೂ ವರ್ಷದಲ್ಲಿ ಕೆಲವಾದರೂ ಸಾಕ್ಷಿಗಳ ಪಾಟೀಸವಾಲು ಕೊಟ್ಟು, ಸಾಕ್ಷ್ಯದ ಹಾಳೆಯಲ್ಲಿ ಅವರ ಹೆಸರೇ ದಾಖಲಾಗುವಂತೆ ನೋಡಿಕೊಳ್ಳುವುದು. ಕಾರಿನಲ್ಲಿ ಜೊತೆಗೆ ಬರುವವನಿಗೆ ಸಹಜವಾಗಿ ಸಿಗುವ ಅವಕಾಶ ಬಸ್ಸಿನಲ್ಲಿ ಬರುವವಳಿಗೂ ಸಿಗಬೇಕಾದರೆ ಅದನ್ನು ಬರೆದಿಟ್ಟು ಹಂಚಬೇಕು.

ಸಂಘದ ಮುಂದಿನ ಚುನಾವಣೆಯ ತಯಾರಿ ಈಗಾಗಲೇ ಶುರುವಾಗಿದೆ. ಖಜಾಂಚಿ ಸ್ಥಾನದಲ್ಲೇ ಮುಂದುವರಿಯಿರಿ, ಈ ಸಲ ನಿಜಕ್ಕೂ ಅವಿರೋಧ ಮಾಡುತ್ತೇವೆ ಎಂದು ಎರಡೂ ಗುಂಪುಗಳು ‘ಸ’ ಅವರಿಗೆ ಹೇಳಿವೆ. ಅವರು ಒಪ್ಪಿಲ್ಲ. ಆ ಸ್ಥಾನಕ್ಕೆ ಬೇರೆ ವಕೀಲೆಯರು ಸ್ಪರ್ಧಿಸಲಿ ಎಂದು ಬಿಟ್ಟುಕೊಟ್ಟು, ಯಾವ ಮೀಸಲೂ ಇಲ್ಲದ ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ನಾಮಪತ್ರ ಸಲ್ಲಿಸಲು ನಿರ್ಧರಿಸಿದ್ದಾರೆ. ಸೂಚಕರಾಗಿ ಸಹಿ ಹಾಕಲು ಒಪ್ಪಿರುವವರು ಕಳೆದ ಸಲ ಅವರ ಎದುರು ಸೋತ ಹಿರಿಯ ವಕೀಲೆ.